ತಾಮ್ರಕ್ಕೆ ಪ್ಲಾಸ್ಟಿಕ್ ಕೂಡಿಸಿದ್ದು

ಡಿಸೆಂಬರ್ 3, ಮಂಗಳವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಮುರಿದಿದೆ. ಅಕ್ಷರಗಳು ಓತಿಕ್ಯಾತ ಓಡಿದ ಹಾಗೆ ಕಾಣುತ್ತವೆ. ಇಷ್ಟು ಸಾಕು.

ಡಿಸೆಂಬರ್ 4, ಬುಧವಾರ

ಸಂಕ್ರಾಂತಿಯವರೆಗೆ ಪ್ಲಾಸ್ಟರು ತೆಗೆಯುವಂತಿಲ್ಲವಂತೆ. "ಸುಮ್ನ ಕುಂತ್ರ ತಲಿ ಕೆಡ್ತದ, ಎಡಗೈಲೇ ಏನಾರ ಬರಿ" ಅಂದರು ಡಾಕ್ಟರು. ಪೈಪಿನ ಅಂಗಡಿಯವರು ಕೊಟ್ಟ ಡೈರಿ ಖಾಲಿ ಇತ್ತು.

ಶಹಾಪುರದಿಂದ ಸಾಮಾನು ತರುವಾಗ ಕಾಲುವೆ ದಂಡೆಯ ಮೇಲೆ ಎಮ್ಮೆ ಅಡ್ಡ ಬಂತು. ಗಾಡಿ ಒಂದು ಕಡೆ, ನಾನು ಒಂದು ಕಡೆ. ಪ್ಲಾಸ್ಟಿಕ್ ಪೈಪುಗಳು ಕಾಲುವೆಗೆ ಬಿದ್ದು ತೇಲಿಕೊಂಡು ಹೋದವು. ಹಿತ್ತಾಳೆ ಸಾಮಾನಿನ ಚೀಲವನ್ನು ಮಾತ್ರ ನಾನು ಬಿಡಲಿಲ್ಲ. ಗದ್ದೆಯಿಂದ ಓಡಿ ಬಂದವರು ನೋಡಿ ಬೆರಗಾದರು. ಕೈ ಜೋತಾಡುತ್ತಿದೆ, ಚೀಲ ಗಟ್ಟಿ ಹಿಡಿದಿದ್ದೇನೆ!

ಡಿಸೆಂಬರ್ 6, ಶುಕ್ರವಾರ

ಎಡಗೈ ಸ್ವಲ್ಪ ಪಳಗಿದೆ. ಕಲಿಯಬೇಕು ಅಂದರೆ ನನಗೆ ಯಾವುದೂ ತಡವಾಗುವುದಿಲ್ಲ.

ಯಾರಾದರೂ ಬಂದು ರಂಗಂಪೇಟೆಯಲ್ಲಿ ನಿಂತು "ನಳದ ಅಂಬ್ರಪ್ಪನ ಮನಿ ಎಲ್ಲಿ" ಎಂದು ಕೇಳಲಿ. ಕಣ್ಣು ಕಾಣದವನೂ ಕೈ ಮಾಡಿ ತೋರಿಸುತ್ತಾನೆ. ಕಾಲುವೆ ಕಟ್ಟುವಾಗ ಅಪ್ಪ ಬಡಿಗತನಕ್ಕೆ ಹೋಗಿದ್ದ. ಗೇಟಿನ ಸಿಮೆಂಟು ಹಾಕುವ ಹಲಿಗೆಗಳನ್ನು ಬಡಿದವನು ಅವನೇ. ಕಾಲುವೆ ಬಂತು, ಭತ್ತ ಬಂತು, ಭತ್ತದಿಂದ ಮನೆಗಳೆದ್ದವು, ಮನೆಗೊಂದು ಬಚ್ಚಲು, ಬಚ್ಚಲಿಗೊಂದು ನಳ. ಆ ನಳಗಳಲ್ಲಿ ಅರ್ಧದಷ್ಟು ನನ್ನ ಕೈಯಿಂದಲೇ ಬಿಗಿಯಾದವು. ಅಪ್ಪ ಊರ ಹೊರಗೆ ನೀರು ತರಲು ದುಡಿದ. ನಾನು ಒಲೆಯ ಪಕ್ಕದವರೆಗೆ ತಂದೆ.

ಹೈದರಾಬಾದಿನಲ್ಲಿ ಎರಡು ವರ್ಷ ದೊಡ್ಡ ಹೋಟೆಲುಗಳ ಕೆಲಸ ಮಾಡಿದ್ದೇನೆ. ತಾಮ್ರದ ಪೈಪಿಗೆ ಬೆಸುಗೆ ಹಾಕಬಲ್ಲವನು ಈ ಸುತ್ತಿನಲ್ಲಿ ನಾನೊಬ್ಬನೇ. ಅದಕ್ಕೇ ಊರೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುವ ಅಖ್ತರಬೇಗಂ ತಮ್ಮ ಮನೆಗೆ ನನ್ನನ್ನು ಕರೆಸಿದ್ದು.

ಈಗ ಆ ಕೆಲಸ ಅರ್ಧಕ್ಕೆ ನಿಂತಿದೆ. ಹಿತ್ತಿಲ ಕಡೆ ಹೊಸ ಖೋಲಿ, ಅದಕ್ಕೊಂದು ಬಚ್ಚಲು. ಆಪಾನ ಚೊಚ್ಚಲ ಬಸುರಿ ಮಗಳು ಬಾಣಂತನಕ್ಕೆ ಬರುತ್ತಾಳೆ. ಬಾಣಂತಿಗೆ ಬಿಸಿನೀರು ಬೇಕು, ಮುಂಜಾನೆ ಸಂಜೆ ಬೇಕು. ಮಾಳಿಗೆಯ ಮೇಲೆ ಸೋಲಾರ್ ಇದೆ. ಅಲ್ಲಿಂದ ಹಳೆಯ ಮನೆಯ ಗೋಡೆಯೊಳಗೆಲ್ಲ ತಾಮ್ರದ ಪೈಪು. ಹೊಸ ಖೋಲಿಗೆ ಹಾಕಿದ್ದು ಬಿಸಿನೀರಿನ ಪ್ಲಾಸ್ಟಿಕ್ ಪೈಪು. ಎರಡನ್ನೂ ಕೂಡಿಸಬೇಕು.

ಡಿಸೆಂಬರ್ 8, ಭಾನುವಾರ

ಚಾಂದಪಾಶಾ ಬಂದಿದ್ದ. ಸುರಪುರ ಬಜಾರಿನ ಕಡೆ ಅವನೂ ನಳದ ಕೆಲಸ ಮಾಡುತ್ತಾನೆ. ಬಾಳೆಹಣ್ಣು ತಂದಿದ್ದ. ಹಣ್ಣಿಟ್ಟು ಕೂತ ಮೇಲೆ ಗೊತ್ತಾಯಿತು ಯಾಕೆ ಬಂದ ಎಂದು.

"ಅಂಬ್ರಪ್ಪಣ್ಣ, ನೀ ಆರಾಮ ತಗೋ. ಆಪಾನ ಮನಿದು ನಾ ಮುಗಿಸಿ ಬಿಡ್ತೀನಿ."

"ತಾಮ್ರಕ್ಕ ಬೆಸುಗಿ ಹಾಕ್ತಿ?"

"ಬೆಸುಗಿ ಯಾಕ? ರಬ್ಬರ್ ಪೈಪು ತುರುಕಿ ಕ್ಲಿಪ್ ಹಾಕಿ ಬಿಗದ್ರ ಆತು. ಇಲ್ಲಾ ತಾಮ್ರ ಎಲ್ಲಾ ಕಿತ್ತಿ ಒಗದು, ಪ್ಲಾಸ್ಟಿಕ್ ಎಳೀತೀನಿ."

"ಆ ತಾಮ್ರ ಮನ್ಸೂರಅಲಿ ಸಾಹೇಬ್ರು ತಮ್ಮ ಕೈಲೇ ಹಾಕಿದ್ದು. ಆಪಾ ಮುಟ್ಟಗೊಡಂಗಿಲ್ಲ."

ಮನ್ಸೂರಅಲಿ ಸಾಹೇಬರು ಆಪಾನ ಗಂಡ. ಕುವೈತಿನಲ್ಲಿ ಇದೇ ಕೆಲಸ ಮಾಡಿ ಬಂದು, ತಮ್ಮ ಮನೆಗೆ ತಾವೇ ಪೈಪು ಹಾಕಿಕೊಂಡರು. ಈಗವರಿಲ್ಲ.

ಚಾಂದಪಾಶಾ ಹೋದ ಮೇಲೆ ಬಾಳೆಹಣ್ಣು ತಿನ್ನಲಿಲ್ಲ. ನಮ್ಮ ಮನೆಯವಳು ತಿಂದಳು.

ಡಿಸೆಂಬರ್ 10, ಮಂಗಳವಾರ

ಆಪಾ ಸ್ವತಃ ಬಂದರು. ಮಾತು ನೇರ.

"ಮಗಳು ಈ ತಿಂಗಳ ಕಡೀಕ ಬರ್ತಾಳ. ನಿನ್ನ ಕೈ ನೋಡಿದ್ರ ಸಂಕಟ ಆಗ್ತದ, ಖರೆ. ಆದ್ರ ನಾ ಕಾಯಾಕ ಆಗಂಗಿಲ್ಲ. ಏನ್ ಹೇಳ್ತಿ?"

ನಾನು "ಮುಗಿಸಿ ಕೊಡ್ತೀನ್ರಿ" ಎಂದುಬಿಟ್ಟೆ. ಹೇಗೆ ಎಂದು ಅವರು ಕೇಳುವ ಮೊದಲೇ ಒಳಗಿನಿಂದ ನಮ್ಮ ಮನೆಯವಳು ಚಹಾ ತಂದು, "ಇವ್ರು ಹೇಳ್ಲಿ, ನಾ ಮಾಡ್ತೀನ್ರಿ ಆಪಾ" ಅಂದಳು.

ಆಪಾ ಅವಳ ಮುಖ ನೋಡಿದರು. "ನೀ ಮಾಡ್ತಿ, ಮೋನಮ್ಮ?"

"ನಮ್ಮಪ್ಪ ಕೆಂಭಾವ್ಯಾಗ ತಾಮ್ರದ ಹಂಡೆ, ಕೊಡ ಬೆಸೀತಿದ್ದ. ತಿದಿ ಒತ್ತಿದಾಕಿ ನಾನ."

ಆಪಾ ಒಪ್ಪಿಕೊಂಡು ಹೋದರು. ನನಗೆ ಸಿಟ್ಟು ಬಂತು. ಕೇಳದೆ ನಡುವೆ ಬಾಯಿ ಹಾಕುವುದು ಇವಳಿಗೆ ಯಾವಾಗ ಅಂಟಿತೋ. ಹಂಡೆ ಬೇರೆ, ಪೈಪು ಬೇರೆ. ಹಂಡೆ ಸೋರಿದರೆ ಒಲೆ ಆರುತ್ತದೆ. ಪೈಪು ಸೋರಿದರೆ ಗೋಡೆ ಬೀಳುತ್ತದೆ, ಹೆಸರೂ ಬೀಳುತ್ತದೆ.

ಆದರೆ ಬೇರೆ ದಾರಿಯಿಲ್ಲ. ಕೈ ಅವಳದು, ಬುದ್ಧಿ ನನ್ನದು. ಹಾಗೆಂದು ಅವಳಿಗೂ ಹೇಳಿದೆ. ಮುಸುರೆ ತಿಕ್ಕುತ್ತ "ಹೂಂ" ಅಂದಳು.

ಡಿಸೆಂಬರ್ 13, ಶುಕ್ರವಾರ

ಮನೆಯ ಅಂಗಳದಲ್ಲಿ ತರಬೇತಿ ಕೊಟ್ಟೆ. ಹಳೆಯ ತಾಮ್ರದ ತುಂಡುಗಳಿದ್ದವು. ಮೊದಲು ತಿಕ್ಕಿ ಹೊಳೆಯುವ ಹಾಗೆ ಮಾಡಬೇಕು, ಆಮೇಲೆ ಪೇಸ್ಟು ಹಚ್ಚಬೇಕು, ಹಿತ್ತಾಳೆಯ ತುಂಡನ್ನು ಅದಕ್ಕೆ ಏರಿಸಬೇಕು, ಸುತ್ತಲೂ ಬೆಂಕಿ ಹಿಡಿಯಬೇಕು. ತಾಮ್ರ ಕಾದಿತೋ, ತವರದ ತಂತಿ ಮುಟ್ಟಿಸಿದರೆ ಸಾಕು, ಸಂದಿನೊಳಗೆ ತಾನೇ ಹೀರಿಕೊಳ್ಳುತ್ತದೆ.

ಗ್ಯಾಸ್ ಟಾರ್ಚು ಹಚ್ಚಿದಾಗ ಹೆದರುತ್ತಾಳೆ ಅಂದುಕೊಂಡಿದ್ದೆ. ಹೆದರಲಿಲ್ಲ. ನಾನು "ಇನ್ನೂ ಹಿಡಿ, ಇನ್ನೂ ಹಿಡಿ" ಅನ್ನುತ್ತಿದ್ದೆ. ಅವಳು ಬೆಂಕಿ ಸರಿಸಿ ತಂತಿ ಮುಟ್ಟಿಸಿದಳು.

"ಯಾಕ ಸರಿಸ್ದಿ? ನಾ ಹೇಳಿದ್ನೇನು?"

"ಬಣ್ಣ ತಿರಗ್ತಲ್ರಿ."

ತವರ ಬೆಳ್ಳಿ ಉಂಗುರದ ಹಾಗೆ ಸುತ್ತಲೂ ಕೂತಿತು. ನನ್ನ ಕಲಿಸುವಿಕೆ ಎಷ್ಟು ಚೆನ್ನಾಗಿದೆ ಎಂಬುದಕ್ಕೆ ಇದೇ ಸಾಕ್ಷಿ.

ಯಾದಗಿರಿ ಹಾಸ್ಟೆಲ್ಲಿನಲ್ಲಿ ಓದುವ ಮಗಳು ಫೋನ್ ಮಾಡಿದ್ದಳು. ಅವಳಿಗೂ ಅದನ್ನೇ ಹೇಳಿದೆ. ಅವಳು ನಕ್ಕಳು. ಯಾಕೋ ಗೊತ್ತಿಲ್ಲ.

ಡಿಸೆಂಬರ್ 16, ಸೋಮವಾರ

ಮೊದಲ ಕೂಡಿಕೆ ಹಾಕಿದೆವು, ಹಳೆಯ ಮನೆಗೆ ತಾಗಿದ ಹೊಸ ಬಚ್ಚಲಿನ ಗೋಡೆಯಲ್ಲಿ.

ಓಣಿಯಲ್ಲಿ ಹೋಗುವಾಗ ಚೀಲ ಅವಳ ಹೆಗಲಿಗೆ, ನಾನು ಮುಂದೆ. ಜನ ನೋಡುತ್ತಿದ್ದರು. ಸಾಮಾನು ಕೈಗೆ ಕೊಡಲು ಕರೆದುಕೊಂಡು ಹೊರಟಿದ್ದೇನೆ ಎಂದು ಒಬ್ಬಿಬ್ಬರಿಗೆ ಹೇಳಿದೆ.

ಆಪಾನ ಮನೆಯ ಗೌಂಡಿ ಚಂದ್ರಾಮಪ್ಪ ಒಳ್ಳೆಯ ಗಾರೆಯವನು, ಬಾಯಿ ಮಾತ್ರ ಹರಕು. ಅವಳು ಟಾರ್ಚು ಹಚ್ಚಿದ್ದು ನೋಡಿ ಕರಣೆ ಕೆಳಗಿಟ್ಟ.

"ಏನೋ ಅಂಬ್ರಪ್ಪ, ಹೆಣ್ಮಕ್ಳ ಕೈಯಾಗ ಬೆಂಕಿ ಕೊಟ್ಟಿ?"

ಅವಳು ತಿರುಗದೆ ಕೇಳಿದಳು, "ನಿಮ್ಮ ಮನ್ಯಾಗ ಒಲಿ ಯಾರು ಹಚ್ಚತಾರಣ್ಣ?"

ಆಪಾ ನಕ್ಕರು. ಗೌಂಡಿಯ ಕೈಕೆಳಗಿನ ಹೆಂಗಸರೂ ನಕ್ಕರು. ನಾನೂ ಅದನ್ನೇ ಹೇಳುವವನಿದ್ದೆ.

ತಾಮ್ರದ ತುದಿಗೆ ಹಿತ್ತಾಳೆಯ ತುಂಡು ಬೆಸೆದು, ಪೂರ್ತಿ ತಣ್ಣಗಾಗಲು ಬಿಟ್ಟೆವು. ಆ ಹಿತ್ತಾಳೆಗೆ ಹೊರಗಡೆ ತಿರುಪಿನ ಹಲ್ಲುಗಳಿರುತ್ತವೆ. ಹಲ್ಲಿಗೆ ಬಿಳಿ ಟೇಪು ಸುತ್ತಿ, ಒಳಹಲ್ಲಿನ ಪ್ಲಾಸ್ಟಿಕ್ ತುಂಡನ್ನು ತಿರುಗಿಸಿ ಬಿಗಿದೆವು. ಇದರಾಚೆಗೆ ಬರೀ ಪ್ಲಾಸ್ಟಿಕ್, ಸಲ್ಯೂಷನ್ ಹಚ್ಚಿ ಒತ್ತಿದರೆ ಮುಗಿಯಿತು. ಬೆಂಕಿ ಬೇಡುವ ಲೋಹ ಒಂದು ಕಡೆ, ಬೆಂಕಿ ತಡೆಯದ ಪ್ಲಾಸ್ಟಿಕ್ ಒಂದು ಕಡೆ. ನಡುವೆ ಹಿತ್ತಾಳೆ ನಿಂತು ಇಬ್ಬರನ್ನೂ ಸಂಭಾಳಿಸುತ್ತದೆ.

ನೀರು ಬಿಟ್ಟು ನೋಡಿದೆವು. ಹನಿಯೂ ಇಲ್ಲ. ನನ್ನ ಕೂಡಿಕೆ ಎಂದೂ ಸೋರಿಲ್ಲ.

ಡಿಸೆಂಬರ್ 19, ಗುರುವಾರ

ಬರೆಯುವಂಥದ್ದೇನೂ ಇಲ್ಲ.

ಡಿಸೆಂಬರ್ 20, ಶುಕ್ರವಾರ

ಬರೆಯದಿದ್ದರೆ ತಲೆಯೊಳಗೇ ತಿರುಗುತ್ತದೆ. ಬರೆದುಬಿಡುತ್ತೇನೆ.

ಬುಧವಾರ ಎರಡನೆಯ ಕೂಡಿಕೆ. ಹಳೆಯ ಅಡುಗೆಮನೆಗೂ ಹೊಸ ಖೋಲಿಗೂ ನಡುವಿನ ಮೂಲೆ. ಅಲ್ಲಿ ತಾಮ್ರ ಗೋಡೆಯೊಳಗೆ ತಿರುಗಿಕೊಂಡಿದೆ, ಪಾನಾ ತಿರುಗಿಸಲು ಜಾಗವೇ ಇಲ್ಲ. ಅವಳು ಗೋಡೆಯನ್ನು ಇನ್ನೂ ಒಂದು ಗೇಣು ಒಡೆಯೋಣ ಅಂದಳು. ಚಂದ್ರಾಮಪ್ಪ ಅಲ್ಲಿ ಆಗಲೇ ಗಾರೆ ಬಳಿದು ಗಿಲಾಯಿ ಮುಗಿಸಿದ್ದ. ಒಡೆದರೆ ಅವನ ಬಾಯಿ ಕೇಳಬೇಕು. ಆಪಾನ ಮಗಳು ಇನ್ನೂ ಬೇಗ ಬರುತ್ತಾಳೆಂದು ಅವತ್ತೇ ಸುದ್ದಿ ಬಂದಿತ್ತು.

"ಒಡೆಯೋದು ಬ್ಯಾಡ. ಮೊದ್ಲ ಹೊರಗ ಹಿತ್ತಾಳಿಗಿ ಪ್ಲಾಸ್ಟಿಕ್ ಬಿಗದು ಬಿಡು, ಆಮ್ಯಾಗ ತಾಮ್ರಕ್ಕ ಬೆಸಿ" ಅಂದೆ.

"ಬೆಂಕಿ ಝಳ ಪ್ಲಾಸ್ಟಿಕ್ಕಿಗಿ ಹತ್ತತದ್ರಿ."

"ಹಸಿ ಅರಬಿ ಸುತ್ತು."

"ಹಿತ್ತಾಳಿ ಕಾವು ಎಳಕೊಂಡು ಹೋಗ್ತದ. ಅರಬಿಗಿ ಕೇಳಂಗಿಲ್ಲ."

"ಹೇಳಿದಷ್ಟು ಮಾಡು."

ಒದ್ದೆ ಬಟ್ಟೆ ಸುತ್ತಿ ಮಾಡಿದಳು. ನೋಡಲು ಚೆನ್ನಾಗಿಯೇ ಇತ್ತು.

ನಿನ್ನೆ ಮಧ್ಯಾಹ್ನ, ಸೋಲಾರಿನಲ್ಲಿ ನೀರು ಚೆನ್ನಾಗಿ ಕಾದಿದ್ದಾಗ, ನಾನೇ ವಾಲ್ವ್ ತೆರೆದೆ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಮೂಲೆಯಲ್ಲಿ ಬುಸ್ಸೆಂದಿತು. ಪ್ಲಾಸ್ಟಿಕ್ ತುಂಡು ಹಿತ್ತಾಳೆಯನ್ನು ಬಿಟ್ಟುಕೊಟ್ಟಿತ್ತು. ಬಿಸಿನೀರು ಎದುರಿನ ಮಂಚಕ್ಕೆ ಹಾರಿತು. ಆಪಾ ತಾವೇ ಹೊಲಿದ ಕೂಸಿನ ಕೌದಿ ಆ ಮಂಚದ ಮೇಲಿತ್ತು. ನೀರು ಗೋಡೆಯ ಹೊಸ ಸಿಮೆಂಟನ್ನು ತೊಳೆದುಕೊಂಡು ಖೋಲಿಯ ತುಂಬ ಹರಿಯಿತು.

ಚಂದ್ರಾಮಪ್ಪ ಓಡಿ ಬಂದ, ಅವನ ಆಳುಗಳು ಬಂದರು, ಪಕ್ಕದ ಮನೆಯವರು ಬಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗ ನನ್ನ ಬಾಯಿಂದ ಬಂತು:

"ಹೆಣ್ಮಕ್ಳ ಕೈಗಿ ಕೊಟ್ರ ಹಿಂಗ ಆಗೋದು."

ಅವಳು ವಾಲ್ವ್ ಮುಚ್ಚಿದಳು. ಸೆರಗು ಸಿಕ್ಕಿಸಿ ಖೋಲಿಯ ನೀರನ್ನೆಲ್ಲ ಬಳಿದಳು, ಕೌದಿ ಹಿಂಡಿ ಬಿಸಿಲಿಗೆ ಹಾಕಿದಳು. ಪಾನಾ, ಟಾರ್ಚು, ತವರದ ಸುರುಳಿ, ಎಲ್ಲವನ್ನೂ ಒರೆಸಿ ಚೀಲದಲ್ಲಿಟ್ಟು, ಚೀಲವನ್ನು ನನ್ನ ಕಾಲ ಹತ್ತಿರ ಇಟ್ಟು, ಮನೆಗೆ ನಡೆದುಹೋದಳು.

ಚೀಲ ಎತ್ತಿಕೊಂಡು ಬಂದೆ. ಎಡಗೈಗೆ ಅದು ಬಹಳ ಭಾರ.

ಇವತ್ತು ಮುಂಜಾನೆ ಅಂಗಿಯ ತೋಳಿಗೆ ಪ್ಲಾಸ್ಟರು ತೂರಿಸಿದಳು, ಗುಂಡಿ ಹಾಕಿದಳು, ರೊಟ್ಟಿ ಮುರಿದು ಪಲ್ಯ ಕಲಸಿ ಇಟ್ಟಳು. ಬೈದಿದ್ದರೆ ನಾನೂ ಬೈಯಬಹುದಿತ್ತು.

ಡಿಸೆಂಬರ್ 21, ಶನಿವಾರ

ಆಪಾ ಚಾಂದಪಾಶಾನನ್ನು ಕರೆಸಿದ್ದಾರೆಂದು ಗೊತ್ತಾಗಿ ಹೋದೆ. ನನ್ನ ಕೆಲಸವನ್ನು ನನ್ನ ಬೆನ್ನ ಹಿಂದೆ ನೋಡುವುದು ಬೇಡ, ಎದುರಿಗೇ ನೋಡಲಿ ಅಂದುಕೊಂಡೆ.

ಚಾಂದಪಾಶಾ ಆ ಕೂಡಿಕೆಯನ್ನು ಕತ್ತರಿಸಿ ತೆಗೆದು ಬಾಗಿಲ ಬೆಳಕಿಗೆ ಹಿಡಿದ. ತಿರುಗಿಸಿ ತಿರುಗಿಸಿ ನೋಡಿದ. ಉಗುರಿನಿಂದ ಬೆಸುಗೆಯನ್ನು ಕೆರೆದ. ಹಂಗಿಸುತ್ತಾನೆ ಅಂದುಕೊಂಡು ನಾನು ಉತ್ತರ ತಯಾರು ಮಾಡಿಕೊಂಡಿದ್ದೆ.

"ಸುಬಾನಲ್ಲಾ," ಅಂದ. "ಈ ಬೆಸುಗಿ ಯಾರ್ದು? ಕಂಪ್ನ್ಯಾಗ ಮಾಡ್ದಂಗ ಅದ. ಅಂಬ್ರಪ್ಪಣ್ಣ, ನಿಂದಂತೂ ಅಲ್ಲ. ನಿಂದು ನಾ ನೋಡೀನಿ, ತವರ ಕೆಳಗ ಹನಿ ಹನಿ ನಿಂತಿರ್ತದ."

ಆಪಾ ನನ್ನ ಕಡೆ ನೋಡಿದರು. ಚಂದ್ರಾಮಪ್ಪನೂ ನೋಡಿದ.

"ಮೋನಮ್ಮಂದು," ಅಂದೆ. "ನಮ್ಮಾಕಿದು. ಅಕಿ ಅಪ್ಪ ಕೆಂಭಾವಿ ಬೋಗಾರ. ಇಂಥಾ ಬೆಸುಗಿ ಹೈದರಾಬಾದಿನ್ಯಾಗೂ ನಾ ನೋಡಿಲ್ಲ."

"ಮತ್ತ ಇದು ಯಾಕ ಬಿಚ್ಚಿತು?" ಆಪಾ ಕೇಳಿದರು.

ಚಾಂದಪಾಶಾ ಪ್ಲಾಸ್ಟಿಕ್ ತುಂಡನ್ನು ತೋರಿಸಿದ. ಒಳಗಿನ ಹಲ್ಲು ಬೆಲ್ಲದ ಹಾಗೆ ಕರಗಿತ್ತು. "ಬೆಸುಗಿ ಬಿಚ್ಚಿಲ್ರಿ ಆಪಾ. ಮೊದ್ಲ ಪ್ಲಾಸ್ಟಿಕ್ ಬಿಗದು, ಆಮ್ಯಾಗ ಬೆಂಕಿ ಹಿಡದಾರ. ಹಂಗ ಮಾಡು ಅಂದವ್ರ್ಯಾರು?"

"ನಾನ," ಅಂದೆ. "ಅಕಿ ಬ್ಯಾಡ ಅಂದಿದ್ಲು. ನಾನ ಅಂದೆ."

ಮೊದಲ ಸಲ ದನಿ ಸಣ್ಣಗೆ ಬಂತು. ಎರಡನೆಯ ಸಲ ಜೋರಾಗಿ ಹೇಳಿದೆ, ಗೌಂಡಿಯ ಆಳುಗಳಿಗೂ ಕೇಳುವ ಹಾಗೆ. ಯಾಕೆ ಹಾಗೆ ಜೋರಾಗಿ ಹೇಳಿದೆನೋ, ಇವತ್ತು ಕೈ ಬಹಳ ನೋಯುತ್ತಿತ್ತು.

ಚಾಂದಪಾಶಾ ಆ ತುಂಡನ್ನು ನನ್ನ ಕೈಗೆ ಕೊಟ್ಟ. "ಇಂಥಾ ಕೈ ಮನ್ಯಾಗ ಇರೋ ತನಕ ಈ ಕೆಲ್ಸ ನಾ ಮುಟ್ಟಂಗಿಲ್ರಿ ಆಪಾ," ಅಂದು ಹೋದ. ಚಾಂದಪಾಶಾ ಕೆಟ್ಟವನಲ್ಲ. ರಬ್ಬರ್ ಪೈಪಿನ ಬುದ್ಧಿ ಒಂದು ಬಿಟ್ಟರೆ.

ಮನೆಗೆ ಬಂದಾಗ ಮೋನಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಆಪಾನ ಮುಂದ ಹೇಳಿ ಬಂದೀನಿ, ತಪ್ಪು ನಂದಂತ."

ಬಡಿಯುವುದು ನಿಲ್ಲಲಿಲ್ಲ.

"ಚಾಂದಪಾಶಾ ಇದ್ದನ?"

"ಇದ್ದ."

"ಗೌಂಡಿ?"

"ಅಂವ ಇದ್ದ. ಅವನ ಆಳುಗೋಳೂ ಇದ್ರು."

ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. ಬೆಂದ ಮೇಲೆ ನನ್ನ ತಟ್ಟೆಗೆ ಹಾಕಿದಳು.

"ನಾಳಿ ಬರ್ತೀನಿ. ಆದ್ರ ಒಂದ್ ಮಾತು. ನಾ ಟಾರ್ಚ್ ಹಚ್ಚಿದ ಮ್ಯಾಲ ನೀವು ಬಾಯಿ ತೆಗಿಬಾರ್ದು. ಕೇಳಿದ್ರ ಹೇಳ್ರಿ."

"ಹೂಂ," ಅಂದೆ.

ಆ ರೊಟ್ಟಿ ಬಹಳ ಚೆನ್ನಾಗಿತ್ತು.

ಡಿಸೆಂಬರ್ 22, ಭಾನುವಾರ

ಗೋಡೆ ಒಡೆಸಿದ್ದು ಮೋನಮ್ಮ. ಚಂದ್ರಾಮಪ್ಪ ಬಾಯಿ ತೆಗೆಯುವ ಮೊದಲೇ ಅವನ ಕೈಗೆ ಚಹಾ ಕೊಟ್ಟು, "ನಿಮ್ಮ ಗಿಲಾಯಿ ಕೆಡಸ್ಲಾಕ ನಮಗೂ ಮನಸಿಲ್ಲಣ್ಣ, ಎಷ್ಟ್ ನುಣ್ಣಗ ಮಾಡೀರಿ" ಅಂದಳು. ಅವನೇ ಉಳಿ ಹಿಡಿದು ಒಡೆದುಕೊಟ್ಟ, ಬೇಕಾದದ್ದಕ್ಕಿಂತ ಎರಡು ಬೆರಳು ಹೆಚ್ಚೇ. ಇಪ್ಪತ್ತು ವರ್ಷದಿಂದ ಗೌಂಡಿಗಳ ಜೊತೆ ಜಗಳವಾಡುತ್ತಿದ್ದೇನೆ. ಚಹಾ ಕೊಟ್ಟು ನೋಡಿರಲಿಲ್ಲ.

ಡಿಸೆಂಬರ್ 24, ಮಂಗಳವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಆಪಾ ನನಗೊಂದು ಕುರ್ಚಿ ಹಾಕಿಸಿದ್ದರು. ಕೂತೆ. ಮೋನಮ್ಮ ಹಳೆಯ ತಾಮ್ರವನ್ನು ತಿಕ್ಕಿದಳು. ವರ್ಷಗಳಿಂದ ಗೋಡೆಯೊಳಗೆ ಕಪ್ಪಾಗಿದ್ದದ್ದು ಹೊಸ ಕೊಡದ ಹಾಗೆ ಕೆಂಪಗೆ ಹೊಳೆಯಿತು. ಪೇಸ್ಟು ಹಚ್ಚಿದಳು, ಹಿತ್ತಾಳೆ ಏರಿಸಿದಳು, ಟಾರ್ಚು ಹಚ್ಚಿದಳು. ನಾನು ಬಾಯಿ ಮುಚ್ಚಿಕೊಂಡೆ. ಅದು ಕೈ ಮುರಿದದ್ದಕ್ಕಿಂತ ಕಷ್ಟ.

ತವರ ಹಿಡಿಯಲಿಲ್ಲ. ಸಂದಿಯಿಂದ ಚುಯ್ ಎಂದು ಹಬೆ ಬಂತು. ವಾಲ್ವ್ ಮುಚ್ಚಿದ್ದರೂ ಹಳೆಯ ಪೈಪಿನಲ್ಲಿ ಉಳಿದ ನೀರು ಹನಿಹನಿಯಾಗಿ ತುದಿಗೆ ಬರುತ್ತಿತ್ತು. ಎಷ್ಟು ಕಾಯಿಸಿದರೂ ಆ ನೀರು ಕಾವನ್ನು ಕುಡಿಯುತ್ತಿತ್ತು. ಅವಳು ಒರೆಸಿದಳು, ಮತ್ತೆ ಕಾಯಿಸಿದಳು. ಮತ್ತೆ ಚುಯ್. ಚಂದ್ರಾಮಪ್ಪ ಕೆಮ್ಮಿದ. ಆಪಾ ಬಾಗಿಲಲ್ಲಿ ನಿಂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು.

ನನಗೆ ಗೊತ್ತಿತ್ತು ಏನು ಮಾಡಬೇಕೆಂದು. ನಾಲಿಗೆಯ ತುದಿಯಲ್ಲಿತ್ತು. ಆದರೆ ಮಾತು ಕೊಟ್ಟಿದ್ದೆ.

ಮೋನಮ್ಮ ಟಾರ್ಚು ಆರಿಸಿದಳು. ನನ್ನ ಕಡೆ ತಿರುಗಿ ಕೇಳಿದಳು, "ಒಳಗ ಹಸಿ ಅದ. ಹಂಡೆ ಆದ್ರ ಬೋರಲ ಹಾಕ್ತಿದ್ದೆ. ಇದಕ್ಕೇನ್ ಮಾಡೂನ್ರಿ?"

ಕೇಳಿದಳು!

"ಆಪಾ, ಡಬಲ್ ರೊಟ್ಟಿ ಅದ ಏನ್ರಿ ಮನ್ಯಾಗ?" ಅಂದೆ.

ಎಲ್ಲರೂ ನನಗೆ ಹುಚ್ಚು ಹಿಡಿಯಿತು ಎಂಬಂತೆ ನೋಡಿದರು. ಆಪಾ ಚಹಾಕ್ಕೆಂದು ತರಿಸಿದ ಬೇಕರಿಯ ಬ್ರೆಡ್ಡು ಇತ್ತು. "ನಡುವಿನ ಮೆತ್ತಂದು ಕಿತ್ತಿ ಉಂಡಿ ಮಾಡು. ಅಂಚಿನ ಗಟ್ಟಿ ಬ್ಯಾಡ. ಪೈಪಿನೊಳಗ ಒಂದ್ ಗೇಣು ಆಚಿಗಿ ತುರುಕು. ನೀರು ಅದು ಕುಡೀತದ, ಅಷ್ಟರಾಗ ನೀ ಬೆಸಿ. ಆಮ್ಯಾಗ ನೀರು ಬಿಟ್ರ ಕರಗಿ ನಳದಾಗ ಹೊರಗ ಬರ್ತದ."

ಮಾಡಿದಳು. ಮತ್ತೆ ಬೆಂಕಿ. ಹಬೆ ಇಲ್ಲ. ಅವಳ ಕಣ್ಣು ತಾಮ್ರದ ಮೇಲೆ, ನನ್ನ ಕಣ್ಣು ಅವಳ ಕೈಯ ಮೇಲೆ. ಬೆಂಕಿಯನ್ನು ಕೂಸಿಗೆ ಎಣ್ಣೆ ಸವರುವ ಹಾಗೆ ಸುತ್ತಲೂ ಆಡಿಸುತ್ತಾಳೆ, ಒಂದೇ ಕಡೆ ನಿಲ್ಲಿಸುವುದಿಲ್ಲ. ಬಣ್ಣ ತಿರುಗಿದ್ದು ಈ ಸಲ ನನಗೂ ಕಂಡಿತು. ಟಾರ್ಚು ಸರಿಯಿತು, ತಂತಿ ಮುಟ್ಟಿತು, ತವರ ಮಿಂಚಿ ಒಳಗೆ ಹೋಯಿತು. ಸುತ್ತಲೂ ಸಣ್ಣ ಬೆಳ್ಳಿಯ ಗೆರೆ, ಎಲ್ಲೂ ಹನಿ ನಿಂತಿಲ್ಲ.

ತಣ್ಣಗಾಗುವವರೆಗೆ ಯಾರೂ ಮುಟ್ಟಲಿಲ್ಲ. ಮೋನಮ್ಮ ಗೋಡೆಗೆ ಒರಗಿ ಕೂತು ಉಳಿದ ಡಬಲ್ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದಳು. ನನಗೂ ಅರ್ಧ ಕೊಟ್ಟಳು. ಆಮೇಲೆ ಟೇಪು ಸುತ್ತಿ, ಪ್ಲಾಸ್ಟಿಕ್ ತುಂಡು ಬಿಗಿದು, ಸಲ್ಯೂಷನ್ ಹಚ್ಚಿ ಪೈಪು ಒತ್ತಿದಳು. ಪೈಪು ಒತ್ತಿ ಹಿಡಿಯಲು ಎರಡು ಕೈ ಸಾಲಲಿಲ್ಲ, ನನ್ನ ಎಡಗೈಯನ್ನೂ ಕೇಳಿದಳು. ಕೊಟ್ಟೆ.

ಡಿಸೆಂಬರ್ 26, ಗುರುವಾರ

ಸಲ್ಯೂಷನ್ ಒಣಗಲಿ ಎಂದು ನಿನ್ನೆ ಬಿಟ್ಟಿದ್ದೆವು. ಇವತ್ತು ಮಧ್ಯಾಹ್ನ ಕುದಿಯುವಂಥ ನೀರು ಬಿಟ್ಟು, ನಳ ಮುಚ್ಚಿ, ಸಂಜೆಯವರೆಗೆ ಕಾದೆವು. ಮೋನಮ್ಮ ಎರಡೂ ಕೂಡಿಕೆಗಳ ಕೆಳಗೆ ಹಳೆಯ ಕಾಗದ ಹಾಸಿದ್ದಳು. ಒಂದು ಹನಿ ಬಿದ್ದರೂ ಕಾಗದ ಹೇಳುತ್ತದೆ. ಆಪಾ ನಮಾಜು ಮುಗಿಸಿ ಬಂದು ಬಂದು ನೋಡುತ್ತಿದ್ದರು.

ಕಾಗದ ಒಣಗಿಯೇ ಇತ್ತು.

ನಳ ತೆರೆದಾಗ ಮೊದಲು ರೊಟ್ಟಿಯ ಬಿಳಿ ಚೂರುಗಳು ಬಂದವು, ಆಮೇಲೆ ಸ್ವಚ್ಛ ಬಿಸಿನೀರು. ಆಪಾ ಕೈ ಹಿಡಿದು "ಹಾ!" ಎಂದು ಹಿಂದಕ್ಕೆಳೆದುಕೊಂಡರು. ಅಷ್ಟು ಬಿಸಿ.

ಚಂದ್ರಾಮಪ್ಪ ಗಿಲಾಯಿ ಮಾಡುವ ಮೊದಲು ಕೇಳಿದ, "ಮುಚ್ಚಲೇನವ್ವ, ಮೋನಮ್ಮ?" ನನ್ನನ್ನಲ್ಲ, ಅವಳನ್ನು ಕೇಳಿದ. ಸರಿಯಾಗಿಯೇ ಕೇಳಿದ, ಕೆಲಸ ಅವಳದಲ್ಲವೇ.

ಓಣಿಯಲ್ಲಿ ಬರುವಾಗ ಎದುರಾದವರಿಗೆಲ್ಲ ನಾನೇ ನಿಲ್ಲಿಸಿ ಹೇಳಿದೆ. "ಸಾಕು ನಡೀರಿ" ಎಂದು ಮೋನಮ್ಮ ಅಂಗಿ ಹಿಡಿದು ಎಳೆದಳು. ಬೋನಾಳ ಕೆರೆಗೆ ಹಕ್ಕಿ ನೋಡಲು ಹೊರಟಿದ್ದ ಯಾರೋ ದಾರಿ ಕೇಳಿದರು. ಅವರಿಗೂ ಹೇಳಿದೆ.

ಜನವರಿ 6, ಸೋಮವಾರ

ಆಪಾನ ಮಗಳಿಗೆ ಶಹಾಪುರದ ದವಾಖಾನೆಯಲ್ಲಿ ಗಂಡುಮಗು ಹುಟ್ಟಿ, ನಿನ್ನೆ ಮನೆಗೆ ಕರೆತಂದಿದ್ದಾರೆ. ಇವತ್ತು ಮುಂಜಾನೆ ಬಾಣಂತಿಯ ಮೊದಲ ನೀರು. ನಮಗೆ ಹೇಳಿಕಳಿಸಿದ್ದರು.

ಮೋನಮ್ಮ ಒಳಗೆ ಹೆಂಗಸರ ಜೊತೆ ಹೋದಳು. ನಾನು ಪಡಸಾಲೆಯಲ್ಲಿ ಕೂತಿದ್ದೆ. ಬಚ್ಚಲಿನಿಂದ ನೀರು ಸುರಿಯುವ ಸದ್ದು, ಎಳೆಗೂಸಿನ ಅಳು, ಹಬೆಯ ಜೊತೆ ಲೋಬಾನದ ವಾಸನೆ. ಸಾಕಷ್ಟು ಹೊತ್ತು ಸುರಿಯಿತು. ಇಷ್ಟು ವರ್ಷ ನಳ ಹಾಕಿ ಹಾಕಿ ಬಿಟ್ಟು ಬಂದಿದ್ದೇನೆ, ಆಮೇಲೆ ಅದರ ಕೆಳಗೆ ಯಾರು ಮೈ ತೊಳೆಯುತ್ತಾರೆ ಎಂದು ಕೂತು ಕೇಳಿದ್ದಿಲ್ಲ.

ಆಪಾ ಹೊರಗೆ ಬಂದರು, ಹಿಂದೆ ಮೋನಮ್ಮ. ಆಪಾ ಮೂಲೆಯ ಗೋಡೆಯ ಮೇಲೆ ಅಂಗೈ ಇಟ್ಟರು. ಒಳಗೆ ಬಿಸಿನೀರು ಹರಿದು ಗಾರೆ ಬೆಚ್ಚಗಾಗಿತ್ತು.

"ಅವ್ರು ಇದ್ದಿದ್ರ ಈ ಗ್ವಾಡಿಗಿ ಕಿವಿ ಹಚ್ಚಿ ಕುಂದರ್ತಿದ್ರು," ಅಂದರು. "ಅವ್ರು ಹಾಕಿದ್ದು ಕಿತ್ತಬಾರ್ದು ಅನ್ನೋದೊಂದ ನಂಗಿತ್ತು. ನೀ ಅದಕ್ಕ ಕೂಡಿಸಿ ಕೊಟ್ಟಿ, ಮೋನಮ್ಮ. ಬೇಟಿ, ನಿನ್ನ ಕೈ ತಣ್ಣಗಿರ್ಲಿ."

ಮೋನಮ್ಮ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. ಬೆವರೇ ಇರಬೇಕು, ಬಚ್ಚಲಲ್ಲಿ ಅಷ್ಟು ಹಬೆ ಇತ್ತಲ್ಲ. ನನ್ನ ಕಣ್ಣಿಗೂ ಆ ಹಬೆ ಹೊಕ್ಕಿತ್ತು.

ಜನವರಿ 9, ಗುರುವಾರ

ಫೋನು ಬಂತು. ಮುದನಾಳದವರು ಯಾರೋ. ಮನೆಯಲ್ಲಿ ಹಳೆಯ ತಾಮ್ರದ ಪೈಪು ಇದೆಯಂತೆ, ಹೊಸ ಸೋಲಾರಿಗೆ ಕೂಡಿಸಬೇಕಂತೆ.

"ತಾಮ್ರದ ಮೋನಮ್ಮನೋರ ಮನಿ ಏನ್ರಿ?"

"ಹೌದ್ರಿ," ಅಂದೆ. "ಅಕಿ ಗಂಡ ಮಾತಾಡಾಕತ್ತೇನಿ. ಏನ್ ಕೆಲ್ಸ ಅದ ಹೇಳ್ರಿ."

ಜನವರಿ 16, ಗುರುವಾರ

ಪ್ಲಾಸ್ಟರು ತೆಗೆದರು. ಕೈ ಬಿಳಿಚಿ ಸಣ್ಣಗಾಗಿದೆ, ಮುಷ್ಟಿ ಪೂರ್ತಿ ಬಿಗಿಯುವುದಿಲ್ಲ. ಬಲಗೈಯಲ್ಲೇ ಇದನ್ನು ಬರೆಯುತ್ತಿದ್ದೇನೆ, ಅಕ್ಷರಗಳು ಮತ್ತೆ ಓಡುತ್ತವೆ. ಡಾಕ್ಟರು ದಿನಾ ಸ್ವಲ್ಪ ಸ್ವಲ್ಪ ಕೆಲಸ ಕೊಡು ಅಂದರು.

ಮಧ್ಯಾಹ್ನ ಅಂಗಳದಲ್ಲಿ ಒಬ್ಬನೇ ಕೂತು ಒಂದು ತಾಮ್ರದ ತುಂಡಿಗೆ ಹಿತ್ತಾಳೆ ಬೆಸೆದೆ. ಬೆಂಕಿಯನ್ನು ಒಂದೇ ಕಡೆ ನಿಲ್ಲಿಸಲಿಲ್ಲ, ಬಣ್ಣ ತಿರುಗುವುದನ್ನು ಕಾದೆ, ಟಾರ್ಚು ಸರಿಸಿದೆ, ತಂತಿ ಮುಟ್ಟಿಸಿದೆ. ತಣ್ಣಗಾದ ಮೇಲೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಮೋನಮ್ಮ ನಾಳೆ ಮುದನಾಳಕ್ಕೆ ಕಟ್ಟಿಕೊಳ್ಳಲು ರೊಟ್ಟಿ ಮಾಡುತ್ತಿದ್ದಳು. ಕೈ ಒರೆಸಿಕೊಂಡು ಆ ತುಂಡನ್ನು ಬಾಗಿಲ ಬೆಳಕಿಗೆ ಹಿಡಿದಳು. ಒಂದು ಸುತ್ತು ತಿರುಗಿಸಿದಳು. ಉಗುರಿನಿಂದ ಕೆರೆದಳು. ಕೆಳಗೆ ಒಂದು ಹನಿ ತವರ ನಿಂತಿತ್ತು, ಅದನ್ನೂ ನೋಡಿದಳು.

"ನಡೀತದ," ಅಂದಳು.

ಮೋನಮ್ಮನ ಬಾಯಿಂದ 'ನಡೀತದ' ಅನ್ನಿಸಿಕೊಂಡವರು ಸುರಪುರ, ಶಹಾಪುರ, ಯಾದಗಿರಿ, ಮೂರೂ ಕಡೆ ಹುಡುಕಿದರೂ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ.